ಸೈಕಲ್ ಶಾಪಿನ ರೆಕ್ಕೆ

1903ರ ನವೆಂಬರ್ ತಿಂಗಳು. ಅಮೆರಿಕದ ನಾರ್ತ್ ಕೆರೊಲೈನಾ ರಾಜ್ಯದ ಕಡಲತೀರ, ಕಣ್ಣು ಹಾಯಿಸಿದಷ್ಟು ದೂರ ಮರಳು. ಅಲ್ಲಿನ ಹಲಗೆಯ ಶೆಡ್ಡೊಂದರಲ್ಲಿ ಅಣ್ಣತಮ್ಮಂದಿರಿಬ್ಬರು ಪೇಚಿಗೆ ಸಿಕ್ಕಿದ್ದಾರೆ. ನಾಲ್ಕು ವರ್ಷ ಒದ್ದಾಡಿ ಮಾಡಿದ ಯಂತ್ರ ಕಣ್ಣೆದುರಿಗಿದೆ. ಎಂಜಿನ್ ಚಾಲೂ ಆಗುತ್ತದೆ. ಆದರೆ ಅದು ಜಗ್ಗುವ ರಭಸಕ್ಕೆ ಪ್ರೊಪೆಲ್ಲರಿನ ದಂಡಕ್ಕೆ ಕೂರಿಸಿದ ಹಲ್ಲುಚಕ್ರ ಸಡಿಲಾಗಿಬಿಡುತ್ತದೆ. ಆರಡಿ ಉದ್ದದ ಮರದ ತುಂಡನ್ನೇ ಸನ್ನೆ ಮಾಡಿಕೊಂಡು ನಟ್ಟು ಬಿಗಿದು ನೋಡಿದರು. ಎಂಜಿನ್ ನಾಲ್ಕಾರು ಸಲ ಸಿಡಿಯುವಷ್ಟರಲ್ಲಿ ಮತ್ತೆ ಸಡಿಲ. ಆಗ ಅವರಿಗೆ ತಮ್ಮ ಅಂಗಡಿಯಲ್ಲಿ ಸೈಕಲ್ ಟೈರನ್ನು ರಿಮ್ಮಿಗೆ ಅಂಟಿಸುತ್ತಿದ್ದ ಗಟ್ಟಿ ಸಿಮೆಂಟು ನೆನಪಾಯಿತು. ದಂಡವನ್ನೂ ಹಲ್ಲುಚಕ್ರವನ್ನೂ ಕಾಯಿಸಿ, ತಿರುಪಿನ ಸುತ್ತುಗಳ ನಡುವೆ ಆ ಸಿಮೆಂಟನ್ನು ಕರಗಿಸಿ ಹರಿಸಿ, ತಿರುಗಿಸಿ ಕೂರಿಸಿದರು. ಮತ್ತೆ ಅದು ಅಲ್ಲಾಡಲಿಲ್ಲ.

ಈ ಕಥೆಯನ್ನು ನಾನು ಅಪ್ಪನಿಗೆ ಹೇಳಿದಾಗ ಅವರಿಗೆ ಎಪ್ಪತ್ತೆಂಟು ವರ್ಷ. ಜಗತ್ತಿನ ಮೊದಲ ವಿಮಾನ ಟೈರಿನ ಅಂಟಿನಿಂದ ಹಾರಿತು ಅಂದರೆ ಬೆರಗಾಗುತ್ತಾರೆ ಅಂದುಕೊಂಡಿದ್ದೆ. ಅವರು ಬೆರಗಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡನ್ನೂ ಕಾಯಿಸಿದ್ರಾ, ಬರೀ ಅಂಟನ್ನ ಕಾಯಿಸಿದ್ರಾ?" ಅಂತ ಕೇಳಿದರು. ಎರಡನ್ನೂ ಅಂದೆ. "ಹಾಗಾದ್ರೆ ಸರಿ. ಕುಡುಗೋಲಿಗೆ ಅರಗು ಹಾಕಿ ಹಿಡಿ ಕೂರಿಸಲ್ವೇನಮ್ಮ, ಹಾಗೆ. ಕಬ್ಬಿಣ ತಣ್ಣಗಿದ್ರೆ ಹಿಡಿಯಲ್ಲ" ಅಂದರು.

ತಿಪಟೂರಿನಲ್ಲಿ ಅಪ್ಪ ಮೂವತ್ತೆಂಟು ವರ್ಷ ಸೈಕಲ್ ಶಾಪ್ ನಡೆಸಿದವರು. ಹನ್ನೆರಡು ಬಾಡಿಗೆ ಸೈಕಲ್ಲು, ಕಾಲಲ್ಲಿ ಒತ್ತಿ ಹಿಡಿದು ಹೊಡೆಯುವ ಗಾಳಿ ಪಂಪು, ಪಂಚರ್ ನೋಡಲು ನೀರು ತುಂಬಿದ ಬಾಣಲಿ, ಮೊಳೆಗೆ ನೇತುಹಾಕಿದ ಹಳೇ ಟೈರುಗಳು, ಎಲ್ಲದರ ಮೇಲೂ ಸೊಲ್ಯೂಷನ್ನಿನ ವಾಸನೆ. ಸಂತೆಯ ದಿನ ಕೊಬ್ಬರಿ ಮಾರಲು ಬಂದವರ ಸೈಕಲ್ಲುಗಳು ಸಾಲಾಗಿ ತಲೆಕೆಳಗಾಗಿ ನಿಂತಿರುತ್ತಿದ್ದವು. ನಾನು ಓದಿ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿಯಾದೆ. ರೈಟ್ ಸಹೋದರರು 1903ರಲ್ಲಿ ವಿಮಾನ ಕಂಡುಹಿಡಿದರು ಎಂಬ ಒಂದು ಸಾಲನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಆಮೇಲೆ ಅದೇ ಸಾಲನ್ನು ಮಕ್ಕಳಿಗೂ ದಾಟಿಸಿದೆ. ಅವರಿಬ್ಬರೂ ಸೈಕಲ್ ರಿಪೇರಿ ಮಾಡುತ್ತಿದ್ದವರು ಎಂಬ ಮಾತು ಆ ಸಾಲಿನ ಬಾಲದಲ್ಲಿ ಒಂದು ವಿಶೇಷದಂತೆ ಬರುತ್ತಿತ್ತು, ಸಾಮಾನ್ಯ ಜನ ಕೂಡ ಏನೋ ಸಾಧಿಸಿಬಿಟ್ಟರು ಎಂಬ ಅರ್ಥದಲ್ಲಿ. ಅಪ್ಪನ ಆ ಒಂದು ಪ್ರಶ್ನೆ ಕೇಳಿದ ಮೇಲೆ ನನಗೆ ಬೇರೆಯೇ ಕಾಣತೊಡಗಿತು. ಸೈಕಲ್ ಶಾಪಿನವರಾಗಿದ್ದರೂ ಅವರು ಹಾರಿದರು ಅಂತಲ್ಲ, ಸೈಕಲ್ ಶಾಪಿನವರಾಗಿದ್ದರಿಂದಲೇ ಹಾರಿದರು. ಇದನ್ನು ನಾನು ಕೈಯಿಟ್ಟು ತೋರಿಸಬಲ್ಲೆ.

ವಿಲ್ಬರ್ ಹುಟ್ಟಿದ್ದು 1867ರಲ್ಲಿ, ಆರ್ವಿಲ್ 1871ರಲ್ಲಿ. ಒಹಾಯೋ ರಾಜ್ಯದ ಡೇಟನ್ ಅವರ ಊರು. ತಂದೆ ಮಿಲ್ಟನ್ ರೈಟ್ ಚರ್ಚಿನ ಬಿಷಪ್, ಸದಾ ಊರೂರು ತಿರುಗುವ ಕೆಲಸ. ಯಂತ್ರಗಳ ಕಡೆಗಿನ ಒಲವು ಬಂದದ್ದು ತಾಯಿ ಸೂಸನ್ ಕಡೆಯಿಂದ. ಆಕೆಯ ತಂದೆ ಗಾಡಿ ಮಾಡುವವರು, ಆಕೆಯೂ ಮಕ್ಕಳಿಗೆ ಆಟದ ಸಾಮಾನನ್ನು ಕೈಯಾರೆ ಮಾಡಿಕೊಡುತ್ತಿದ್ದರು. 1878ರಲ್ಲಿ ತಂದೆ ಪ್ರವಾಸದಿಂದ ಬರುವಾಗ ಒಂದು ಆಟಿಕೆ ತಂದರು. ಬಿದಿರು, ಬೆಂಡು, ಕಾಗದ, ಒಂದು ರಬ್ಬರ್ ಬ್ಯಾಂಡು. ತಿರುಚಿ ಬಿಟ್ಟರೆ ಪುರ್ರನೆ ಸೂರಿನವರೆಗೆ ಏರುವ ಸಾಮಾನು. ಹುಡುಗರು ಅದಕ್ಕೆ 'ಬಾವಲಿ' ಅಂತ ಹೆಸರಿಟ್ಟರು, ಮುರಿದ ಮೇಲೆ ತಾವೇ ಇನ್ನಷ್ಟು ಮಾಡಿಕೊಂಡರು. ವಿಲ್ಬರನನ್ನು ಯೇಲ್ ವಿಶ್ವವಿದ್ಯಾಲಯಕ್ಕೆ ಕಳಿಸುವ ಮಾತಿತ್ತು. ಹದಿನೆಂಟನೇ ವಯಸ್ಸಿನಲ್ಲಿ ಮಂಜುಗಡ್ಡೆಯ ಮೇಲೆ ಆಡುವಾಗ ಮುಖಕ್ಕೆ ಕೋಲು ಬಡಿದು ಹಲ್ಲುಗಳು ಹೋದವು, ಆರೋಗ್ಯ ಕೆಟ್ಟಿತು, ಓದಿನ ಆಸೆ ಅಲ್ಲಿಗೆ ನಿಂತಿತು. ಕ್ಷಯ ಹಿಡಿದಿದ್ದ ತಾಯಿಯನ್ನು ವರ್ಷಗಟ್ಟಲೆ ಆರೈಕೆ ಮಾಡುತ್ತಾ ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ಓದಿದ. 1889ರಲ್ಲಿ ತಾಯಿ ತೀರಿಕೊಂಡರು. ಅಣ್ಣತಮ್ಮ ಸೇರಿ ಮೊದಲು ಮುದ್ರಣಾಲಯ ಇಟ್ಟರು, 1892ರಲ್ಲಿ ಸೈಕಲ್ ಅಂಗಡಿ ತೆರೆದರು. ಕೆಲವೇ ವರ್ಷಗಳಲ್ಲಿ ತಮ್ಮದೇ ಹೆಸರಿನ ಸೈಕಲ್ಲುಗಳನ್ನು ತಯಾರಿಸಿ ಮಾರತೊಡಗಿದರು.

1896ರ ಆಗಸ್ಟಿನಲ್ಲಿ ಜರ್ಮನಿಯಿಂದ ಒಂದು ಸುದ್ದಿ ಬಂತು. ಓಟೊ ಲಿಲಿಯೆಂಥಾಲ್ ಎಂಬ ಎಂಜಿನಿಯರ್ ಗ್ಲೈಡರಿನಿಂದ ಬಿದ್ದು ಸತ್ತರು ಅಂತ. ಗ್ಲೈಡರ್ ಅಂದರೆ ಎಂಜಿನ್ ಇಲ್ಲದೆ ಗಾಳಿಯಲ್ಲಿ ತೇಲಿ ಇಳಿಯುವ ರೆಕ್ಕೆ. ಗುಡ್ಡಗಳ ಮೇಲಿಂದ ಅವರು ಹೀಗೆ ಸುಮಾರು 2000 ಸಲ ತೇಲಿದ್ದರು, ಅವರ ಫೋಟೋಗಳನ್ನು ಜಗತ್ತೇ ನೋಡಿತ್ತು. ಆ ದಿನಗಳಲ್ಲಿ ಆರ್ವಿಲ್ ವಿಷಮಶೀತ ಜ್ವರದಿಂದ ಮಲಗಿದ್ದ. ತಮ್ಮನ ಹಾಸಿಗೆಯ ಪಕ್ಕ ಕೂತಿದ್ದ ವಿಲ್ಬರನ ತಲೆಗೆ ಆ ಸಾವು ಹೊಕ್ಕಿತು. ಮುಂದೆ ಅವನು ಮಾಡಿದ ಒಂದು ಲೆಕ್ಕ ನನಗೆ ತುಂಬ ಇಷ್ಟ. ಐದು ವರ್ಷಗಳಲ್ಲಿ ಲಿಲಿಯೆಂಥಾಲ್ ಗಾಳಿಯಲ್ಲಿ ಕಳೆದ ಒಟ್ಟು ಕಾಲ ಎಷ್ಟು? ಐದು ಗಂಟೆ, ಅಷ್ಟೇ. ಒಂದೊಂದು ಸಲಕ್ಕೆ ಕೆಲವೇ ಸೆಕೆಂಡು. ಹತ್ತು ಹತ್ತು ಸೆಕೆಂಡಿನಂತೆ ಐದು ವರ್ಷದಲ್ಲಿ ಐದು ಗಂಟೆ ಸೈಕಲ್ ಕಲಿತವನನ್ನು ಜನಜಂಗುಳಿಯ ಬೀದಿಗೆ ಬಿಟ್ಟರೆ ಏನಾದೀತು ಅಂತ ವಿಲ್ಬರ್ ಕೇಳಿದ. ಅವನ ಮಟ್ಟಿಗೆ ಲಿಲಿಯೆಂಥಾಲರ ಸಾವಿನಲ್ಲಿ ಇದ್ದ ಪ್ರಶ್ನೆ ಧೈರ್ಯದ್ದಲ್ಲ, ಅಭ್ಯಾಸದ್ದು.

ಅಂಗಡಿಯ ಬದುಕು ಮಾತಾಡುವುದು ಇಲ್ಲೇ. ಆ ಕಾಲದ ದೊಡ್ಡ ದೊಡ್ಡ ತಲೆಗಳು ಹಾರುವ ಯಂತ್ರವನ್ನು ದೋಣಿಯಂತೆ ಯೋಚಿಸುತ್ತಿದ್ದರು. ಗಾಳಿ ಎಷ್ಟೇ ತಳ್ಳಿದರೂ ತಾನೇ ಸರಿಯಾಗಿ ನಿಲ್ಲಬೇಕು, ಒಳಗೆ ಕೂತವನು ಚುಕ್ಕಾಣಿ ಹಿಡಿದರೆ ಸಾಕು ಎಂಬ ಭಾವನೆ. ಸೈಕಲ್ ಹಾಗಲ್ಲ. ಸ್ಟ್ಯಾಂಡು ತೆಗೆದ ಕೂಡಲೇ ಬೀಳುವ ವಸ್ತು ಅದು. ಅದರ ತೂಕ ಕಾಯುವುದು ಮೇಲೆ ಕೂತವನ ಕೈ, ಸೊಂಟ, ಕಣ್ಣು. ನಾನು ಎಂಟನೇ ವಯಸ್ಸಿನಲ್ಲಿ ಬಾರಿನ ಕೆಳಗೆ ಕಾಲು ತೂರಿಸಿ ಪೆಡಲ್ ತುಳಿಯುತ್ತಾ ಕಲಿತೆ. ಅಪ್ಪ ಹಿಂದೆ ಕ್ಯಾರಿಯರ್ ಹಿಡಿದು ಓಡಿ ಬರುತ್ತಿದ್ದರು, ಯಾವಾಗ ಕೈಬಿಟ್ಟರೋ ನನಗೆ ಗೊತ್ತಾಗಲಿಲ್ಲ. ಬೀಳುವ ಕಡೆಗೇ ಹ್ಯಾಂಡಲ್ ತಿರುಗಿಸು ಅನ್ನುವುದೊಂದೇ ಅವರು ಹೇಳಿಕೊಟ್ಟ ಪಾಠ. ವಿಲ್ಬರ್ ಇನ್ನೂ ಸೂಕ್ಷ್ಮವಾದದ್ದನ್ನು ಗಮನಿಸಿದ್ದ. ಎಡಕ್ಕೆ ತಿರುಗಬೇಕಾದ ಸವಾರ ಮೊದಲು ಒಂದು ಎಳೆಯಷ್ಟು ಬಲಕ್ಕೆ ಹ್ಯಾಂಡಲ್ ತಿರುಗಿಸುತ್ತಾನೆ, ಅದರಿಂದ ಸೈಕಲ್ ಎಡಕ್ಕೆ ವಾಲುತ್ತದೆ, ವಾಲಿದ ಮೇಲೆ ತಿರುಗುತ್ತದೆ. ಹೇಗೆ ತಿರುಗುತ್ತೀರಿ ಎಂದು ಹತ್ತಾರು ಸವಾರರನ್ನು ಕೇಳಿದರೆ ಇದನ್ನು ಒಬ್ಬರೂ ಸರಿಯಾಗಿ ಹೇಳುತ್ತಿರಲಿಲ್ಲವಂತೆ. ನನ್ನ ತರಗತಿಯಲ್ಲೂ ಅದೇ ಕಥೆ.

ವಾಲದೆ ತಿರುಗಲಾಗದು ಎಂಬುದು ಸೈಕಲ್ಲಿನವರಿಗೆ ರಕ್ತದಲ್ಲೇ ಇತ್ತು. ಹಾಗಾದರೆ ರೆಕ್ಕೆಯನ್ನು ಬೇಕೆಂದಾಗ ವಾಲಿಸುವುದು ಹೇಗೆ? ಲಿಲಿಯೆಂಥಾಲ್ ತಮ್ಮ ಮೈಯನ್ನೇ ಅತ್ತಿತ್ತ ತೂಗಿ ವಾಲಿಸುತ್ತಿದ್ದರು. ದೊಡ್ಡ ಯಂತ್ರಕ್ಕೆ ಅದು ಸಾಲದು. 1899ರಲ್ಲಿ ಒಂದು ದಿನ ವಿಲ್ಬರ್ ಅಂಗಡಿಯಲ್ಲಿ ಗಿರಾಕಿಯೊಬ್ಬನ ಜೊತೆ ಮಾತಾಡುತ್ತಾ ಸೈಕಲ್ ಟ್ಯೂಬ್ ಬರುತ್ತಿದ್ದ ಉದ್ದನೆಯ ರಟ್ಟಿನ ಡಬ್ಬಿಯನ್ನು ಕೈಯಲ್ಲಿ ಸುಮ್ಮನೆ ತಿರುಚುತ್ತಿದ್ದ. ತಿರುಚುತ್ತಿದ್ದವನು ಅದನ್ನೇ ನೋಡುತ್ತಾ ನಿಂತ.

ನೀವೂ ಇದನ್ನು ಮಾಡಿ ನೋಡಬಹುದು. ಖಾಲಿಯಾದ ಊದುಬತ್ತಿ ಡಬ್ಬಿಯೊಂದನ್ನು ತೆಗೆದುಕೊಳ್ಳಿ, ಉದ್ದನೆಯದು. ಎರಡೂ ಕೊನೆಯ ಮುಚ್ಚಳ ಕಿತ್ತುಹಾಕಿ. ಮೇಲಿನ ರಟ್ಟು ಒಂದು ರೆಕ್ಕೆ, ಕೆಳಗಿನ ರಟ್ಟು ಇನ್ನೊಂದು ರೆಕ್ಕೆ ಅಂದುಕೊಳ್ಳಿ. ಎಡತುದಿಯಲ್ಲಿ ಮೇಲಿನ ಮುಂಮೂಲೆಯನ್ನೂ ಕೆಳಗಿನ ಹಿಂಮೂಲೆಯನ್ನೂ ಹೆಬ್ಬೆರಳು ತೋರುಬೆರಳಿನಲ್ಲಿ ಒತ್ತಿ. ಬಲತುದಿಯಲ್ಲಿ ಅದಕ್ಕೆ ವಿರುದ್ಧದ ಮೂಲೆಗಳನ್ನು ಒತ್ತಿ. ಡಬ್ಬಿ ಮುರಿಯುವುದಿಲ್ಲ, ಅದರ ಗಟ್ಟಿತನ ಹೋಗುವುದಿಲ್ಲ, ಆದರೆ ಹೊರಳುತ್ತದೆ. ಒಂದು ತುದಿಯ ರಟ್ಟು ಮೂಗು ಎತ್ತಿದರೆ ಇನ್ನೊಂದು ತುದಿಯದು ಮೂಗು ತಗ್ಗಿಸುತ್ತದೆ. ಎದುರುಗಾಳಿಗೆ ಮೂಗೆತ್ತಿದ ಕಡೆ ಹೆಚ್ಚು ಮೇಲೆತ್ತಲ್ಪಡುತ್ತದೆ, ತಗ್ಗಿಸಿದ ಕಡೆ ಕುಸಿಯುತ್ತದೆ. ಅಂದರೆ ವಾಲಿತು. ವಿಲ್ಬರ್ ಐದಡಿ ಅಗಲದ ಎರಡಂತಸ್ತಿನ ಗಾಳಿಪಟ ಕಟ್ಟಿ, ಎರಡು ಕೈಯಲ್ಲೂ ಹಗ್ಗ ಹಿಡಿದು ಹಾಗೇ ತಿರುಚಿ ನೋಡಿದ. ಅದು ಹೇಳಿದ ಮಾತು ಕೇಳಿತು.

ಅಪ್ಪ ವಿಮಾನ ಹತ್ತಿದ್ದು ಒಂದೇ ಸಲ, ಮುಂಬೈಯ ತಮ್ಮನ ಮನೆಗೆ ಹೋಗುವಾಗ. ರೆಕ್ಕೆಯ ಹಿಂದಿನ ಸಾಲಿನಲ್ಲಿ ಕಿಟಕಿ ಪಕ್ಕದ ಸೀಟು. ವಿಮಾನ ಮೇಲೆದ್ದು ವಾಲಿ ತಿರುಗುವಾಗ ರೆಕ್ಕೆಯ ತುದಿಗೆ ಹತ್ತಿರ, ಹಿಂದಿನ ಅಂಚಿನಲ್ಲಿದ್ದ ಒಂದು ಪಟ್ಟಿ ಬಾಗಿಲ ಹಾಗೆ ಮೆಲ್ಲಗೆ ಮೇಲೆದ್ದಿತು. ಆ ಕಡೆಯ ರೆಕ್ಕೆಯದು ಈಗ ಕೆಳಗೆ ಬಾಗಿರುತ್ತೆ ಅಂದೆ. ರೆಕ್ಕೆಯನ್ನು ಇಡಿಯಾಗಿ ತಿರುಚುವ ಬದಲು ತುದಿಯಲ್ಲಿ ಪಟ್ಟಿ ಕೂರಿಸಿರುವುದಷ್ಟೇ ಈಗಿನ ವ್ಯತ್ಯಾಸ. ಅಪ್ಪ ಎರಡೂ ಕೈಯೆತ್ತಿ, ಬೆರಳಲ್ಲಿ ಇಲ್ಲದ ಡಬ್ಬಿಯೊಂದನ್ನು ಹಿಡಿದು ತಿರುಚಿದರು. ಪಟ್ಟಿ ಮತ್ತೆ ಸಮವಾಗುವವರೆಗೂ ಅವರ ದೃಷ್ಟಿ ಆ ರೆಕ್ಕೆಯಿಂದ ಕದಲಲಿಲ್ಲ.

ಗಾಳಿಪಟ ಮಾತು ಕೇಳಿದ ಮೇಲೆ ಅಣ್ಣತಮ್ಮಂದಿರ ಅಭ್ಯಾಸಕ್ಕೆ ಬೇಕಾದದ್ದು ಬಿಡದೆ ಬೀಸುವ ಗಾಳಿ ಮತ್ತು ಬಿದ್ದರೆ ಮೂಳೆ ಮುರಿಯದ ನೆಲ. ಎದುರುಗಾಳಿ ಜೋರಾಗಿದ್ದರೆ ಗ್ಲೈಡರ್ ನೆಲದ ಮೇಲೆ ನಿಧಾನ ಸಾಗುತ್ತದೆ, ಗಾಳಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಐದು ಗಂಟೆಯ ಲೆಕ್ಕ ಅಷ್ಟು ಬೇಗ ದಾಟುತ್ತದೆ. ಹವಾಮಾನ ಇಲಾಖೆಯ ಅಂಕಿಗಳನ್ನು ತರಿಸಿ ನೋಡಿ ಕಿಟ್ಟಿ ಹಾಕ್ ಎಂಬ ಮೀನುಗಾರರ ಹಳ್ಳಿಯನ್ನು ಆರಿಸಿದರು. ಅಲ್ಲಿಯ ವಿಲಿಯಂ ಟೇಟ್ ಎಂಬವರು, ಬನ್ನಿ, ನಮ್ಮೂರಿನವರು ಆದರದಿಂದ ನೋಡಿಕೊಳ್ಳುತ್ತಾರೆ ಅಂತ ಕಾಗದ ಬರೆದರು. 1900ರ ಸೆಪ್ಟೆಂಬರಿನಲ್ಲಿ ವಿಲ್ಬರ್ ಸೋರುವ ದೋಣಿಯೊಂದರಲ್ಲಿ ಬಿರುಗಾಳಿಗೆ ಸಿಕ್ಕು, ಹಸಿದು, ಅವರ ಮನೆ ತಲುಪಿದ. ಟೇಟರ ಹೆಂಡತಿ ಆ್ಯಡಿ ಊಟ ಬಡಿಸಿದರು. ಗ್ಲೈಡರಿನ ರೆಕ್ಕೆಯ ಬಟ್ಟೆಯನ್ನು ಅವನು ಹೊಲಿದು ಸರಿಮಾಡಿದ್ದು ಆಕೆಯ ಹೊಲಿಗೆ ಯಂತ್ರದಲ್ಲಿ, ಅವರ ಮನೆಯ ಅಂಗಳದಲ್ಲಿ. ಆ ವರ್ಷದ ಪ್ರಯೋಗ ಮುಗಿಸಿ ಹೊರಡುವಾಗ ಗ್ಲೈಡರನ್ನು ಅಲ್ಲೇ ಬಿಟ್ಟುಹೋದರು. ಬಟ್ಟೆ ಒಳ್ಳೆಯ ಹತ್ತಿಯದು, ನುಣುಪು ನೇಯ್ಗೆಯದು. ಆ್ಯಡಿ ಅದನ್ನು ಬಿಚ್ಚಿ ತಂದು ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಫ್ರಾಕು ಹೊಲಿದರು. ಈ ಇತಿಹಾಸದಲ್ಲಿ ನನಗೆ ಪ್ರಿಯವಾದ ಬಟ್ಟೆ ಅದು.

1901ರಲ್ಲಿ ಎಲ್ಲ ಕೆಟ್ಟಿತು. ದೊಡ್ಡ ಗ್ಲೈಡರ್, 22 ಅಡಿ ರೆಕ್ಕೆ. ಲಿಲಿಯೆಂಥಾಲ್ ಪ್ರಕಟಿಸಿದ್ದ ಕೋಷ್ಟಕವನ್ನು ನಂಬಿ ಲೆಕ್ಕ ಹಾಕಿದ್ದರು. ಇಷ್ಟು ಬಾಗಿನ ರೆಕ್ಕೆಯನ್ನು ಇಷ್ಟು ಕೋನದಲ್ಲಿ ಹಿಡಿದರೆ ಇಷ್ಟು ಭಾರ ಎತ್ತುತ್ತದೆ ಎಂಬ ಕೋಷ್ಟಕ. ಗ್ಲೈಡರ್ ಎತ್ತಿದ್ದು ಲೆಕ್ಕದ ಮೂರರಲ್ಲಿ ಒಂದು ಪಾಲು ಮಾತ್ರ. ಮಳೆ, ಜ್ವರ, ಮೋಡದಂತೆ ಕವಿದ ಸೊಳ್ಳೆ ಬೇರೆ. ಊರಿಗೆ ಮರಳುವ ರೈಲಿನಲ್ಲಿ ವಿಲ್ಬರ್ ತೀರಾ ಕುಗ್ಗಿಹೋಗಿದ್ದ. ನಮ್ಮ ಕಾಲದಲ್ಲಿ ಮನುಷ್ಯ ಹಾರುವುದಿಲ್ಲ ಎಂದು ತಮ್ಮನಿಗೆ ಹೇಳಿದನಂತೆ.

ಮಕ್ಕಳಿಗೆ ನಾನು ಹೇಳಬೇಕಾಗಿದ್ದದ್ದು ಇದರ ಮುಂದಿನ ನಾಲ್ಕು ತಿಂಗಳ ಕಥೆ. ಪುಸ್ತಕದಲ್ಲಿ ಅಚ್ಚಾದ ಅಂಕಿ, ಬರೆದವರು ಜಗತ್ತೇ ಗೌರವಿಸುವ ಮನುಷ್ಯ, ಪ್ರಾಣ ಕೊಟ್ಟವರು. ಅದರ ಎದುರಿಗೆ ಕಾಲೇಜಿನ ಮೆಟ್ಟಿಲು ಹತ್ತದ ಇಬ್ಬರು. ಲೆಕ್ಕ ತಪ್ಪಿದರೆ ತಪ್ಪು ನಮ್ಮದೇ ಇರಬೇಕು ಅಂತ ಒಪ್ಪಿಕೊಂಡು ಸುಮ್ಮನಾಗುವುದು ಎಷ್ಟು ಸುಲಭವಾಗಿತ್ತು! ಅವರು ಒಂದು ಸೈಕಲ್ ಹೊರಗೆ ತೆಗೆದರು. ಹ್ಯಾಂಡಲ್ಲಿನ ಮುಂದೆ ಇನ್ನೊಂದು ಗಾಲಿಯನ್ನು ತಟ್ಟೆಯಂತೆ ಅಡ್ಡ ಮಲಗಿಸಿ, ತಾನಾಗಿ ತಿರುಗುವಂತೆ ಕೂರಿಸಿದರು. ಅದರ ಅಂಚಿಗೆ ಒಂದು ಕಡೆ ಚಪ್ಪಟೆ ತಗಡು, ಇನ್ನೊಂದು ಕಡೆ ರೆಕ್ಕೆಯ ಬಾಗಿನ ತಗಡು. ಕೋಷ್ಟಕ ನಿಜವಾಗಿದ್ದರೆ ಗಾಳಿ ಎರಡನ್ನೂ ಸಮನಾಗಿ ತಳ್ಳಬೇಕು, ಗಾಲಿ ನಿಂತಲ್ಲೇ ನಿಲ್ಲಬೇಕು. ಡೇಟನ್ನಿನ ಬೀದಿಯಲ್ಲಿ ಶಕ್ತಿಮೀರಿ ಪೆಡಲ್ ತುಳಿದರು. ಗಾಲಿ ತಿರುಗಿತು.

ಸೈಕಲ್ಲಿನ ಅಳತೆ ಒರಟು ಎಂದು ಅನ್ನಿಸಿ ಅಂಗಡಿಯೊಳಗೇ ಒಂದು ಗಾಳಿ ಸುರಂಗ ಮಾಡಿಕೊಂಡರು. ಆರಡಿ ಉದ್ದದ ಮರದ ಪೆಟ್ಟಿಗೆ, ಒಂದು ತುದಿಯಲ್ಲಿ ಫ್ಯಾನು, ನೋಡಲು ಮೇಲೆ ಗಾಜು. ಒಳಗೆ ತೂಗಿ ನೋಡುವ ತಕ್ಕಡಿಯನ್ನು ಮಾಡಿದ್ದು ಯಾವುದರಿಂದ ಗೊತ್ತೇ? ಸವೆದ ಹ್ಯಾಕ್‌ಸಾ ಬ್ಲೇಡುಗಳು ಮತ್ತು ಸೈಕಲ್ಲಿನ ಕಡ್ಡಿಗಳಿಂದ. ಅಂಗೈಯಗಲದ ತಗಡಿನ ರೆಕ್ಕೆಗಳನ್ನು ಕತ್ತರಿಸಿ, ಬಗ್ಗಿಸಿ, ಸುಮಾರು 200 ನಮೂನೆಗಳನ್ನು ಒಂದೊಂದಾಗಿ ಗಾಳಿಗೆ ಹಿಡಿದರು. ಹೀಗೆ ನೋಡುವಾಗ ಕೋಣೆಯಲ್ಲಿ ಯಾರೂ ಜಾಗ ಬಿಟ್ಟು ಕದಲುವಂತಿರಲಿಲ್ಲ, ಗಾಳಿಯ ಹರಿವು ಕೆಟ್ಟುಬಿಡುತ್ತಿತ್ತು. ನನಗೆ ಇಲ್ಲಿ ಅಪ್ಪ ಗಾಲಿಯ ಬೆಂಡು ತೆಗೆಯುವುದು ನೆನಪಾಗುತ್ತದೆ. ಗಾಲಿಯನ್ನು ತಿರುಗಿಸಿ ರಿಮ್ಮಿನ ಹತ್ತಿರ ಸೀಮೆಸುಣ್ಣ ಹಿಡಿಯುವರು. ಎಲ್ಲಿ ಗುರುತು ಬಿತ್ತೋ ಅಲ್ಲಿನ ಕಡ್ಡಿ ಕಾಲು ಸುತ್ತು ಬಿಗಿ, ಎದುರಿನದು ಕಾಲು ಸುತ್ತು ಸಡಿಲ, ಮತ್ತೆ ತಿರುಗಿಸು. ಗಿರಾಕಿ ಎಷ್ಟೇ ಅವಸರ ಮಾಡಲಿ, ಸುಣ್ಣದ ಗುರುತು ಸುತ್ತಲೂ ಒಂದೇ ಸಮನಾಗಿ ಬೀಳುವವರೆಗೆ ಅವರ ಕಿವಿಗೆ ಏನೂ ಬೀಳುತ್ತಿರಲಿಲ್ಲ.

ಕೊನೆಗೆ ಸಿಕ್ಕ ಉತ್ತರದಲ್ಲಿ ಒಂದು ನ್ಯಾಯವಿದೆ. ಲಿಲಿಯೆಂಥಾಲರ ಕೋಷ್ಟಕ ಬಹುಪಾಲು ಸರಿಯಾಗಿಯೇ ಇತ್ತು, ಆದರೆ ಅದು ಅವರು ಅಳೆದ ಒಂದು ಆಕಾರದ ರೆಕ್ಕೆಗೆ ಸಂಬಂಧಪಟ್ಟದ್ದು. ದೊಡ್ಡ ತಪ್ಪು ಇದ್ದದ್ದು ಲೆಕ್ಕಕ್ಕೆ ಎಲ್ಲರೂ ಕಣ್ಣುಮುಚ್ಚಿ ಬಳಸುತ್ತಿದ್ದ ಇನ್ನೊಂದು ಸಂಖ್ಯೆಯಲ್ಲಿ. ಗಾಳಿಯ ಒತ್ತಡಕ್ಕೆ ಸಂಬಂಧಿಸಿದ ಆ ಸಂಖ್ಯೆ 18ನೇ ಶತಮಾನದ ಇಂಗ್ಲಿಷ್ ಎಂಜಿನಿಯರ್ ಜಾನ್ ಸ್ಮೀಟನ್ ಹೆಸರಿನಲ್ಲಿ ನಡೆದುಬಂದಿತ್ತು. ನೂರು ವರ್ಷಕ್ಕೂ ಹೆಚ್ಚು ಕಾಲ ಪುಸ್ತಕದಿಂದ ಪುಸ್ತಕಕ್ಕೆ 0.005 ಎಂದು ನಕಲಾಗುತ್ತಾ ಬಂದದ್ದು ನಿಜವಾಗಿ 0.0033ರ ಸಮೀಪ ಇರಬೇಕಿತ್ತು. ಡೇಟನ್ನಿನ ಸೈಕಲ್ ಅಂಗಡಿಯ ಮಹಡಿಯಲ್ಲಿ ಅದು ನೆಟ್ಟಗಾಯಿತು. ತೆಳ್ಳಗೆ ಉದ್ದನಾದ ರೆಕ್ಕೆ ಮೋಟು ರೆಕ್ಕೆಗಿಂತ ಚೆನ್ನಾಗಿ ಎತ್ತುತ್ತದೆ ಎಂಬುದೂ ಅಲ್ಲೇ ತಿಳಿಯಿತು.

1902ರ ಗ್ಲೈಡರ್ ಆ ಅಂಕಿಗಳ ಮೇಲೆ ನಿಂತದ್ದು. 32 ಅಡಿ ಉದ್ದದ ರೆಕ್ಕೆ, ನೂರಾರು ಸಲ ತೇಲಿದರು, ಒಮ್ಮೆ 622 ಅಡಿ ದೂರ ಹೋದರು. ಒಂದೇ ತೊಡಕು, ಕೆಲವೊಮ್ಮೆ ವಾಲಿದಾಗ ತಿರುಗಬೇಕಾದ ಕಡೆಗೆ ತಿರುಗದೆ ಜಾರಿ ಬುಗುರಿಯಂತೆ ನೆಲಕ್ಕೆ ನಾಟುತ್ತಿತ್ತು. ಒಂದು ರಾತ್ರಿ ಕಾಫಿ ಹೆಚ್ಚು ಕುಡಿದು ನಿದ್ದೆ ಬಾರದೆ ಹೊರಳಾಡುತ್ತಿದ್ದ ಆರ್ವಿಲನಿಗೆ ಹಿಂದಿನ ಬಾಲವನ್ನು ಅಲುಗಾಡುವಂತೆ ಮಾಡಬೇಕೆಂದು ಹೊಳೆಯಿತು. ಬೆಳಿಗ್ಗೆ ಹೇಳಿದ. ಅಣ್ಣ ಒಂದು ನಿಮಿಷ ಯೋಚಿಸಿ, ಅದನ್ನು ರೆಕ್ಕೆ ತಿರುಚುವ ತಂತಿಗೇ ಸೇರಿಸಿಬಿಡೋಣ ಅಂದ. ಬೋರಲಾಗಿ ಮಲಗಿದ ಸವಾರ ಸೊಂಟ ಸರಿಸಿದರೆ ಎರಡೂ ಒಟ್ಟಿಗೆ ಕೆಲಸ ಮಾಡುತ್ತಿದ್ದವು.

ಎಂಜಿನ್ ಮಾಡಿಕೊಡಲು ಯಾವ ಕಂಪನಿಯೂ ಮುಂದೆ ಬರಲಿಲ್ಲ. ಅವರ ಅಂಗಡಿಯಲ್ಲಿ ಚಾರ್ಲಿ ಟೇಲರ್ ಎಂಬ ಮೆಕ್ಯಾನಿಕ್ ಇದ್ದರು. ಅಣ್ಣತಮ್ಮ ಮರಳಲ್ಲಿ ಹಾರುತ್ತಿದ್ದಾಗ ಡೇಟನ್ನಿನಲ್ಲಿ ಸೈಕಲ್ ರಿಪೇರಿ ನೋಡಿಕೊಳ್ಳುತ್ತಿದ್ದವರು ಅವರೇ. ಲೇತು, ಡ್ರಿಲ್ಲು, ಕೈ ಸಾಮಾನು ಬಿಟ್ಟರೆ ಬೇರೇನಿಲ್ಲ. ಉಕ್ಕಿನ ದಪ್ಪ ಹಲಗೆಯ ಮೇಲೆ ಕ್ರ್ಯಾಂಕ್ ದಂಡದ ಆಕಾರ ಗೀಚಿ, ಗೆರೆಯುದ್ದಕ್ಕೂ ತೂತು ಕೊರೆದು, ಉಳಿ ಸುತ್ತಿಗೆಯಿಂದ ಬಿಡಿಸಿ, ಲೇತಿಗೆ ಹಾಕಿ ನುಣುಪು ಮಾಡಿದರು. ಆರು ವಾರಗಳಲ್ಲಿ ಎಂಜಿನ್ ತಯಾರು. ನಾಲ್ಕು ಸಿಲಿಂಡರ್, ಅಲ್ಯೂಮಿನಿಯಂ ಕವಚ, ಸುಮಾರು 12 ಅಶ್ವಶಕ್ತಿ. ಚಾರ್ಲಿ ಟೇಲರ್ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಬಾರದಿರುವುದು ನನಗೆ ನೋವಿನ ಸಂಗತಿ. ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ನಾನು ಆ ಹೆಸರನ್ನು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತಿದ್ದೆ.

ಪ್ರೊಪೆಲ್ಲರಿಗೆ ಹಡಗಿನವರ ಪುಸ್ತಕ ನೋಡಿದರೆ ಲೆಕ್ಕವೇ ಇಲ್ಲ. ಅಲ್ಲೂ ಅಂದಾಜಿನ ಮೇಲೆಯೇ ಕೆಲಸ. ಪ್ರೊಪೆಲ್ಲರ್ ಅಂದರೆ ಸುತ್ತುತ್ತಾ ಹಾರುವ ರೆಕ್ಕೆ ತಾನೆ ಅಂತ ಯೋಚಿಸಿ, ತಮ್ಮ ಸುರಂಗದ ಅಂಕಿಗಳನ್ನೇ ಅದಕ್ಕೂ ಹಚ್ಚಿದರು. ಇಬ್ಬರೂ ಗಂಟಲು ಹರಿಯುವಂತೆ ವಾದ ಮಾಡುತ್ತಿದ್ದರು. ಕೊನೆಗೆ ಅಣ್ಣ ತಮ್ಮನ ಪಕ್ಷಕ್ಕೂ ತಮ್ಮ ಅಣ್ಣನ ಪಕ್ಷಕ್ಕೂ ಬಂದು ನಿಂತಿರುತ್ತಿದ್ದರು, ವಾದ ಮಾತ್ರ ಮುಗಿದಿರುತ್ತಿರಲಿಲ್ಲ. ಎಂಟೂವರೆ ಅಡಿಯ ಆ ಪ್ರೊಪೆಲ್ಲರುಗಳನ್ನು ಸ್ಪ್ರೂಸ್ ಮರದ ಹಲಗೆಗಳನ್ನು ಅಂಟಿಸಿ ಕೈಯಲ್ಲೇ ಕೆತ್ತಿದರು. ಈಗಿನ ಉಪಕರಣಗಳಲ್ಲಿ ಅವುಗಳ ಪಡಿಯಚ್ಚನ್ನು ಅಳೆದರೆ ಎಂಜಿನ್ನಿನ ಶಕ್ತಿಯ ಸುಮಾರು ಮುಕ್ಕಾಲು ಪಾಲನ್ನು ನೂಕುಬಲವಾಗಿ ಮಾರ್ಪಡಿಸುತ್ತವೆ. ಎಂಜಿನ್ನಿನಿಂದ ಪ್ರೊಪೆಲ್ಲರಿಗೆ ಶಕ್ತಿ ಒಯ್ದದ್ದು ಹಲ್ಲುಚಕ್ರ ಮತ್ತು ಚೈನು, ಸೈಕಲ್ಲಿನಲ್ಲಿರುವಂತೆಯೇ. ಎರಡು ಪ್ರೊಪೆಲ್ಲರ್ ಒಂದಕ್ಕೊಂದು ವಿರುದ್ಧವಾಗಿ ತಿರುಗಬೇಕಿತ್ತು. ಅದಕ್ಕೆ ಒಂದು ಕಡೆಯ ಚೈನನ್ನು ಎಂಟರ ಅಂಕಿಯಂತೆ ಅಡ್ಡಹಾಯಿಸಿಬಿಟ್ಟರು. ಇದನ್ನು ಕೇಳಿದಾಗ ಅಪ್ಪ ನಿಜಕ್ಕೂ ಬೆರಗಾದರು.

ಅದೇ ಕಾಲಕ್ಕೆ ವಾಷಿಂಗ್ಟನ್ನಿನಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥರಾದ ವಿಜ್ಞಾನಿ ಸ್ಯಾಮುಯೆಲ್ ಲ್ಯಾಂಗ್ಲಿ ಸೇನೆಯಿಂದ 50,000 ಡಾಲರ್ ಪಡೆದು ಹಾರುವ ಯಂತ್ರ ಕಟ್ಟಿದ್ದರು. ಅದರ ಎಂಜಿನ್ 52 ಅಶ್ವಶಕ್ತಿಯದು, ಆ ಕಾಲಕ್ಕೆ ಅದ್ಭುತವಾದದ್ದು. ಆದರೆ ಅದನ್ನು ಗಾಳಿಯಲ್ಲಿ ಸಂಭಾಳಿಸಲು ಕಲಿತವರು ಯಾರೂ ಇರಲಿಲ್ಲ, ಕಲಿಯಲು ಗ್ಲೈಡರ್ ಕೂಡ ಇರಲಿಲ್ಲ. 1903ರ ಅಕ್ಟೋಬರ್ 7ರಂದು, ಮತ್ತೆ ಡಿಸೆಂಬರ್ 8ರಂದು ದೋಣಿಮನೆಯ ಮೇಲಿನಿಂದ ಚಿಮ್ಮಿಸಿದರು. ಎರಡು ಸಲವೂ ಪೊಟೊಮ್ಯಾಕ್ ನದಿಗೆ ಬಿತ್ತು. ಪತ್ರಿಕೆಗಳು ಆ ವೃದ್ಧರನ್ನು ಕ್ರೂರವಾಗಿ ಹೀಯಾಳಿಸಿದವು. ಅದು ಅನ್ಯಾಯ. ಲ್ಯಾಂಗ್ಲಿಯಂಥ ವಿದ್ವಾಂಸರು ಈ ಕೆಲಸಕ್ಕೆ ಕೈಹಾಕಿದ್ದೇ ರೈಟ್ ಸಹೋದರರಿಗೆ ನಂಬಿಕೆ ಕೊಟ್ಟಿತ್ತು. ಅವರು 1899ರಲ್ಲಿ ಮೊದಲ ಪುಸ್ತಕಗಳನ್ನು ತರಿಸಿಕೊಂಡದ್ದು ಅದೇ ಸ್ಮಿತ್ಸೋನಿಯನ್ನಿಗೆ ಪತ್ರ ಬರೆದು. ಅಣ್ಣತಮ್ಮ ಖರ್ಚು ಮಾಡಿದ್ದು ಒಟ್ಟು 1000 ಡಾಲರಿಗಿಂತ ಕಡಿಮೆ, ಎಲ್ಲ ಸೈಕಲ್ ಅಂಗಡಿಯ ದುಡ್ಡು.

ಇತ್ತ ಮರಳಿನಲ್ಲಿ, ಡಿಸೆಂಬರ್ 14ರಂದು, ಮೊದಲು ಯಾರು ಹಾರಬೇಕು ಅಂತ ಅಣ್ಣತಮ್ಮ ನಾಣ್ಯ ಚಿಮ್ಮಿದರು. ವಿಲ್ಬರ್ ಗೆದ್ದ, ಮೂಗನ್ನು ಜಾಸ್ತಿ ಎತ್ತಿ, ಮೂರೂವರೆ ಸೆಕೆಂಡಿನಲ್ಲಿ ಮರಳಿಗೆ ಕೂರಿಸಿದ. ರಿಪೇರಿಗೆ ಎರಡು ದಿನ. 17ರ ಬೆಳಿಗ್ಗೆ ಮಳೆನೀರಿನ ಹೊಂಡಗಳು ಮಂಜುಗಟ್ಟಿದ್ದವು. ಗಂಟೆಗೆ ನಲವತ್ತು ಕಿಲೋಮೀಟರಿನ ಆಸುಪಾಸಿನ ಗಾಳಿ. ಹತ್ತಿರದ ಜೀವರಕ್ಷಕ ಠಾಣೆಯಿಂದ ಮೂವರು, ಮರದ ವ್ಯಾಪಾರಿಯೊಬ್ಬರು, ಜಾನಿ ಮೂರ್ ಎಂಬ ಹುಡುಗ ಬಂದು ನಿಂತರು. 60 ಅಡಿಯ ಮರದ ಹಳಿ, ಅದರ ಮೇಲೆ ಸೈಕಲ್ ಹಬ್ಬಿನಿಂದ ಮಾಡಿದ ಉರುಳುಗಳ ಪುಟ್ಟ ಗಾಡಿ, ಗಾಡಿಯ ಮೇಲೆ 274 ಕಿಲೋ ತೂಕದ ಯಂತ್ರ. ಠಾಣೆಯ ಜಾನ್ ಡೇನಿಯಲ್ಸ್ ಎಂಬವರ ಕೈಗೆ ಕ್ಯಾಮೆರಾದ ರಬ್ಬರ್ ಬುರುಡೆ ಕೊಟ್ಟು, ಹಳಿ ಬಿಟ್ಟು ಏಳುತ್ತಲೇ ಒತ್ತು ಅಂದರು. ಅವರು ಅದಕ್ಕೆ ಮುಂಚೆ ಎಂದೂ ಕ್ಯಾಮೆರಾ ಮುಟ್ಟಿದವರಲ್ಲ. 10.35ಕ್ಕೆ ಆರ್ವಿಲ್ ತಂತಿ ಬಿಚ್ಚಿದ. ರೆಕ್ಕೆಯ ತುದಿ ಹಿಡಿದು ವಿಲ್ಬರ್ ಪಕ್ಕದಲ್ಲಿ ಓಡಿದ. ಯಂತ್ರ ಎದ್ದಿತು. ಡೇನಿಯಲ್ಸ್ ಬುರುಡೆ ಒತ್ತಿದರು.

ಆ ಫೋಟೋವನ್ನು ಎಷ್ಟು ಸಲ ನೋಡಿದರೂ ನನ್ನ ಕಣ್ಣು ಯಂತ್ರದ ಮೇಲೆ ನಿಲ್ಲುವುದಿಲ್ಲ. ಪಕ್ಕದಲ್ಲಿ, ಈಗಷ್ಟೇ ಕೈಬಿಟ್ಟು, ಹೆಜ್ಜೆ ಅರ್ಧಕ್ಕೆ ನಿಂತು ನೋಡುತ್ತಿರುವ ವಿಲ್ಬರ್ ಇದ್ದಾನೆ. ಕ್ಯಾರಿಯರ್ ಬಿಟ್ಟ ಮೇಲೆ ಅಪ್ಪ ಹಾಗೇ ನಿಂತಿದ್ದಿರಬೇಕು.

12 ಸೆಕೆಂಡು, 120 ಅಡಿ. ಮಧ್ಯಾಹ್ನದ ಹೊತ್ತಿಗೆ ನಾಲ್ಕನೇ ಸಲ ವಿಲ್ಬರ್ 59 ಸೆಕೆಂಡು, 852 ಅಡಿ ಹಾರಿದ. ಆಮೇಲೆ ಬೀಸಿದ ಗಾಳಿಯೊಂದು ನಿಂತಿದ್ದ ಯಂತ್ರವನ್ನು ಎತ್ತಿ ಉರುಳಿಸಿತು, ಹಿಡಿಯಲು ಹೋದ ಡೇನಿಯಲ್ಸ್ ಅದರೊಳಗೆ ಸಿಕ್ಕು ತರಚಿಕೊಂಡು ಹೊರಬಂದರು. ಯಂತ್ರ ಮತ್ತೆ ಎಂದೂ ಹಾರಲಿಲ್ಲ. ಅಣ್ಣತಮ್ಮ ಅಡುಗೆ ಮಾಡಿ ಉಂಡರು, ಪಾತ್ರೆ ತೊಳೆದಿಟ್ಟರು, ನಾಲ್ಕು ಮೈಲಿ ನಡೆದು ತಂದೆಗೆ ತಂತಿ ಕಳಿಸಿದರು. ಡೇಟನ್ನಿನಲ್ಲಿ ಇನ್ನೊಬ್ಬ ಅಣ್ಣ ಆ ತಂತಿಯನ್ನು ಪತ್ರಿಕೆಯವರಿಗೆ ತೋರಿಸಿದರೆ, ರವಾನೆಯಲ್ಲಿ 59 ಹೋಗಿ 57 ಆಗಿದ್ದ ಆ ಸೆಕೆಂಡುಗಳನ್ನು ನೋಡಿ, ನಿಮಿಷವಾಗಿದ್ದರೆ ಸುದ್ದಿಯಾಗುತ್ತಿತ್ತು ಅಂದರಂತೆ.

ಮರುವರ್ಷ ಅವರು ಊರ ಹೊರಗಿನ ಹಫ್ಮನ್ ಎಂಬವರ ಹುಲ್ಲುಗಾವಲಿನಲ್ಲಿ ಹೊಸ ಯಂತ್ರ ಇಟ್ಟುಕೊಂಡು ದನಗಳನ್ನು ಪಕ್ಕಕ್ಕೆ ಅಟ್ಟಿ ಅಭ್ಯಾಸ ಮಾಡಿದರು. ಪಕ್ಕದಲ್ಲೇ ಟ್ರಾಮು ಹಾದುಹೋಗುತ್ತಿತ್ತು. ಪತ್ರಿಕೆಯವರು ಬಹುಮಟ್ಟಿಗೆ ತಲೆಹಾಕಲಿಲ್ಲ. ಬಂದವರು ಏಮಸ್ ರೂಟ್, ಜೇನುಸಾಕಣೆಯ ಸಾಮಾನು ಮಾರುವ ವ್ಯಾಪಾರಿ, ವಯಸ್ಸು ಅರವತ್ತನಾಲ್ಕು. ಮೆದಿನಾ ಎಂಬ ಊರಿನಿಂದ ಕಾರು ಓಡಿಸಿಕೊಂಡು ಬಂದು, 1904ರ ಸೆಪ್ಟೆಂಬರ್ 20ರಂದು ಹುಲ್ಲಿನಲ್ಲಿ ನಿಂತು ನೋಡಿದರು. ನೋಡಿದ್ದನ್ನು ಜನವರಿಯಲ್ಲಿ ತಾವೇ ಹೊರಡಿಸುತ್ತಿದ್ದ ಜೇನುಕೃಷಿಕರ ಪತ್ರಿಕೆಯಲ್ಲಿ ಅಚ್ಚು ಹಾಕಿದರು. ಹಾರುವ ವಿಮಾನವನ್ನು ಎದುರಿಗೆ ನಿಂತು ಕಂಡವರೊಬ್ಬರು ಬರೆದ ಮೊದಲ ಸರಿಯಾದ ವರದಿ ಅದು. ಜೇನುಪೆಟ್ಟಿಗೆ, ರಾಣಿಹುಳುಗಳ ವಿಚಾರದ ನಡುವೆ ಅವರು ಬರೆದರು: ರೆಕ್ಕೆ ಹಚ್ಚಿಕೊಂಡ ರೈಲು ಎಂಜಿನ್ ಒಂದು ಹಳಿ ಬಿಟ್ಟು ಮೇಲೆದ್ದು ನೇರ ನಮ್ಮ ಕಡೆಗೇ ಬರುವಂತೆ ಇತ್ತು ಅಂತ. ಅವರ ಕಣ್ಣೆದುರಿಗೆ ವಿಲ್ಬರ್ ವಾಲಿಸಿದ, ತಿರುಗಿಸಿದ, ಒಂದು ಪೂರ್ತಿ ಸುತ್ತು ಹಾಕಿದ. ಒಂದೂವರೆ ನಿಮಿಷದ ಮೇಲೆ ಯಂತ್ರ ಹೊರಟ ಜಾಗದ ಹತ್ತಿರಕ್ಕೇ ಬಂದು ಇಳಿಯಿತು.